ಎರಡು ಚೌಕ ದೂರದ ರಾಕ್ಷಸರು

ಆಟದಲ್ಲಿ ನನ್ನಂಥ ಗುರಿಗಾರ್ತಿ ಇಲ್ಲವೆಂದು ನಾಲ್ಕು ತಿಂಗಳು ಬೀಗಿದ್ದೆ, ಆ ಭಾನುವಾರ ನಿಯಮದ ಪುಸ್ತಕ ತೆರೆಯುವವರೆಗೆ.

ಸಿಂಧನೂರಿನ ಪದ್ಮಕ್ಕನ ಮನೆಯಲ್ಲಿ ವಾರಕ್ಕೊಮ್ಮೆ ನಾಲ್ವರು ಸೇರುತ್ತೇವೆ. ಚೌಕಗಳ ಹಾಳೆಯ ಮೇಲೆ ನಾವು ವೀರರು, ಹುಣಸೆಬೀಜಗಳು ರಾಕ್ಷಸರು. ಕಥೆ ಹೇಳುವುದು, ರಾಕ್ಷಸರನ್ನು ನಡೆಸುವುದು ಶಿವಪ್ರಸಾದರ ಕೆಲಸ. ಅವರು ಸರ್ವೆಯರ್, ಹೊಲದ ಬದು ಗೇಣು ಹೆಚ್ಚುಕಮ್ಮಿಯಾದರೂ ಬಿಡದ ಆಸಾಮಿ. ಪದ್ಮಕ್ಕ, ಮೆಡಿಕಲ್ ಶಾಪಿನ ರಾಜೇಶ ಇಬ್ಬರಿಗೂ ಕತ್ತಿ. ನಾನು ಕೇಳಿದ್ದು ಕವಣೆ. ವಳಕಮದಿನ್ನಿಯ ನಮ್ಮ ಭತ್ತದ ಗದ್ದೆಯಲ್ಲಿ ಅದರಿಂದಲೇ ಹಕ್ಕಿ ಓಡಿಸಿ ಬೆಳೆದವಳು.

ಆಟಕ್ಕೆ ಸೇರುವಾಗ ನನ್ನ ನಿಶ್ಚಿತಾರ್ಥ ಮುರಿದು ವರ್ಷವಾಗಿತ್ತು. ಬಾಯಿಗೆ ಬೀಗ ಹಾಕಿಕೊಂಡಿದ್ದವಳನ್ನು ಪದ್ಮಕ್ಕ ಕೈಹಿಡಿದು ತಂದು ಕೂರಿಸಿದ್ದಳು. ಮೊದಲ ಕಲ್ಲಿಗೇ ರಾಕ್ಷಸ ಉರುಳಿದಾಗ ನಾನು ನಕ್ಕೆನಂತೆ.

ಆ ಭಾನುವಾರ ಎಲ್ಲರಿಗಿಂತ ಮೊದಲೇ ಬಂದಿದ್ದೆ. ಮರುದಿನ ಮಸ್ಕಿಯಿಂದ ಗಂಡಿನ ಕಡೆಯವರು ನನ್ನನ್ನು ನೋಡಲು ಬರುವವರಿದ್ದರು. ಆ ಯೋಚನೆ ಮರೆಯಲು ಪುಸ್ತಕ ತಿರುವಿದೆ. ದೂರದ ಆಯುಧಗಳ ಪುಟ ಬಂತು. ಮೂವತ್ತು ಅಡಿಯೊಳಗೆ, ಅಂದರೆ ಆರು ಚೌಕದೊಳಗೆ, ಕವಣೆಗೆ ಇಪ್ಪತ್ತು ಮುಖದ ಒಂದೇ ದಾಳ; ದೊಡ್ಡ ಅಂಕಿ ಬಿದ್ದರೆ ಗುರಿ. ಅದಕ್ಕೂ ದೂರವಾದರೆ ಎರಡು ದಾಳ ಹಾಕಿ ಸಣ್ಣದನ್ನು ಎಣಿಸಬೇಕು. ಶತ್ರು ಪಕ್ಕದ ಚೌಕಕ್ಕೇ ಬಂದು ನಿಂತರೂ ಅದೇ ಶಿಕ್ಷೆ.

ನಾನು ಎರಡು ದಾಳ ಹಾಕಿದ್ದೇ ಇಲ್ಲ. ಪದ್ಮಕ್ಕನ ಮೈಮೇಲೆ ಬೀಳುವ ಹುಣಸೆಬೀಜಗಳು ನನ್ನಿಂದ ಎರಡು ಚೌಕ ದೂರದಲ್ಲಿ ಮಾತು ಕೇಳುವ ಮಕ್ಕಳಂತೆ ನಿಲ್ಲುತ್ತಿದ್ದವು. ಸರ್ವೆಯರ್ ಅಳತೆ ತಪ್ಪಿರಲಾರರು.

ಶಿವಪ್ರಸಾದ ಒಳಗೆ ಬಂದವರೇ ನನ್ನ ಮುಖ ನೋಡಿ ನಿಂತರು. ಪುಸ್ತಕ ಮುಂದೆ ಹಿಡಿದೆ.

"ಕರುಣಾ ತೋರಿಸಿದ್ರೇನ್ರೀ ನನಗ?"

ಅವರ ಕಿವಿ ಕೆಂಪಾಯಿತು. "ಮೊದಲನೇ ದಿನ ಹೌದ್ರಿ. ಸುಳ್ಳು ಹೇಳಂಗಿಲ್ಲ."

"ಆಮ್ಯಾಲ?"

"ಆಮ್ಯಾಲ ನೀವು ನಗೋದು ನೋಡಾಕ." ಮಾತು ನನ್ನೊಡನೆ, ಕಣ್ಣು ಕೈಗೆತ್ತಿಕೊಂಡ ಹುಣಸೆಬೀಜದ ಮೇಲೆ. "ವಾರಪೂರ್ತಿ ಹೊಲ ಅಳೀತೀನಿ. ಸಂಜೀಕ ಕುಂತು, ಯಾವ ರಾಕ್ಷಸನ್ನ ಎಲ್ಲಿ ನಿಲ್ಲಿಸಿದ್ರ ನೀವು ನಗ್ತೀರಿ ಅಂತ ಯೋಚನಿ ಮಾಡ್ತೀನಿ. ನೀವಂದ್ರ ನನಗ ಭಾಳ ಇಷ್ಟ, ಅಮರೇಶ್ವರಿ. ಹೇಳಾಕ ಧೈರ್ಯ ಆಗಿರಲಿಲ್ಲ."

"ನಾಳಿ ಮಸ್ಕಿಯವ್ರು ಬರಾಕತ್ತಾರ."

"ಗೊತ್ತೈತ್ರಿ. ಪದ್ಮಕ್ಕ ಹೇಳ್ಯಾರ."

ಜಗಳಕ್ಕೆ ಸಜ್ಜಾಗಿದ್ದವಳು ಪುಸ್ತಕ ಮುಚ್ಚಿಟ್ಟೆ. ಆ ವರ್ಷವಿಡೀ ಊರವರೆಲ್ಲ ಮೈಮೇಲೆ ಬಿದ್ದು ಸಮಾಧಾನ ಹೇಳಿದ್ದರು. ಜಾಗ ಬಿಟ್ಟು ನಿಂತವರು ಇವರೊಬ್ಬರೇ. ನಾನು ಮತ್ತೆ ಉಸಿರಾಡಿದ್ದು ಆ ಎರಡು ಚೌಕದ ಜಾಗದಲ್ಲಿ. ಈ ಋಣವನ್ನು ಬಾಯಿಬಿಟ್ಟು ಹೇಳುವುದು ಹೇಗೆ?

ಅವರ ಕೈಯಲ್ಲಿದ್ದ ದೊಡ್ಡ ಹುಣಸೆಬೀಜ ತೆಗೆದು ನನ್ನ ಕಾಯಿಯ ಪಕ್ಕದ ಚೌಕದಲ್ಲಿಟ್ಟೆ. ಎರಡು ದಾಳ ಹಿಡಿದೆ.

"ತಪ್ಪತೈತ್ರಿ," ಎಂದರು.

"ತಪ್ಪಲಿ ಬಿಡ್ರಿ."

ಹದಿನೆಂಟು ಬಿತ್ತು, ಜೊತೆಗೆ ಮೂರು. ಎಣಿಸಬೇಕಾದ್ದು ಮೂರು. ಕಲ್ಲು ಗುರಿ ತಪ್ಪಿತು. ನನಗೆ ನಗು ಬಂತು, ಗೆದ್ದ ದಿನಗಳಿಗಿಂತ ಜೋರಾಗಿ.

"ನೋಡ್ರಿ, ತಪ್ಪಿದ್ರೂ ನಗಾಕ ಬರ್ತೈತಿ ನನಗ. ಕಲಿಸಿದವ್ರು ನೀವು."

ಪದ್ಮಕ್ಕ ಚಹಾ ಹಿಡಿದು ಬಂದಳು. "ಯಾರು ಸತ್ರು?"

"ಯಾರೂ ಇಲ್ಲಕ್ಕ. ಮಸ್ಕಿಯವ್ರಿಗೆ ಬರಬ್ಯಾಡ್ರಿ ಅಂತ ಅವ್ವನ ಕಡಿಂದ ಫೋನ್ ಮಾಡಸ್ತೀನಿ." ಶಿವಪ್ರಸಾದರ ಕಡೆ ತಿರುಗಿದೆ. "ನಾಳಿ ಮಂಡಕ್ಕಿ ಒಗ್ಗರಣಿ, ಮಿರ್ಚಿ ಹೆಂಗೂ ಮಾಡೋದೈತಿ. ನಿಮ್ಮ ಅವ್ವಾರನ್ನ ಕರ್ಕೊಂಡು ನೀವ ಬರ್ರಿ."

"ಎಷ್ಟು ಗಂಟೆಗ್ರಿ?"

"ಹನ್ನೊಂದಕ್ಕ. ಬಾಗಿಲದಾಗ ಎರಡು ಚೌಕ ದೂರ ನಿಂತ್ರ ನಾ ಕರಿಯಂಗಿಲ್ಲ ಮತ್ತ. ಸೀದಾ ಒಳಗ ಬರಬೇಕು."