ತೋಳಿನಲ್ಲಿ ಬಿಟ್ಟ ಎರಡು ಇಂಚು

"ನಾನು ಮತ್ತೆ ದಪ್ಪ ಆಗ್ತೀನಿ ಅಂತ ನೀವೇ ತೀರ್ಮಾನ ಮಾಡ್ಬಿಟ್ರಾ?"

ಟೈಲರ್ ಅಂಗಡಿಯ ಮೇಜಿನ ಮೇಲೆ ಅವಳು ಹೊಸ ಟಾಪನ್ನು ರಪ್ಪನೆ ಎಸೆದಳು. ಎರಡೂ ತೋಳುಗಳ ಒಳಗೆ ಎರಡೆರಡು ಇಂಚು ಬಟ್ಟೆ ಬಿಟ್ಟು ಹೊಲಿದಿದ್ದ. ಬೇರೆಲ್ಲೂ ಇಲ್ಲ, ತೋಳಿನಲ್ಲಿ ಮಾತ್ರ.

ಅಳತೆ ತೆಗೆದುಕೊಂಡವಳು ಅವನ ಅಕ್ಕ. ಮಿಷನ್ನಿನಿಂದ ತಲೆಯೆತ್ತಿದ ಅವನನ್ನು ಇವಳು ನೋಡಿದ್ದು ಅದೇ ಮೊದಲು. ಕಾಯುತ್ತಿದ್ದ ಗಿರಾಕಿಗಳ ಕಡೆ ಒಮ್ಮೆ ನೋಡಿ ಅವನು ಮೆಲ್ಲಗೆ ಅಂದ, "ಇರಲಿ, ಬೇಕಾಗುತ್ತೆ."

ಬೇಕಾಗುತ್ತಂತೆ... ಹೇಳೋಕೆ ಇವನ್ಯಾರು?

ಎರಡು ವರ್ಷ ಬಾಯಿ ಕಟ್ಟಿ ನಲವತ್ತು ಕೆ.ಜಿ. ಇಳಿಸಿದ್ದಳು ಈ ಟೀಚರಮ್ಮ. ಕೊಬ್ಬು ಹೋಯಿತು, ಚರ್ಮ ಉಳಿಯಿತು. ಬೋರ್ಡಿನ ಮೇಲೆ ಬರೆಯಲು ಕೈಯೆತ್ತಿದರೆ ತೋಳಿನಡಿ ಜೋತಾಡುತ್ತಿತ್ತು. ಹಿಂದಿನ ಬೆಂಚಿನಲ್ಲಿ ಕಿಸಕ್ಕನೆ ನಗು. ಉಜ್ಜಿ ಉಜ್ಜಿ ಕಂಕುಳ ಹತ್ತಿರ ಹುಣ್ಣು. ಜೋತ ಚರ್ಮವನ್ನು ಕತ್ತರಿಸಿ ತೆಗೆಯಬಹುದು, ಆದರೆ ಕಂಕುಳಿನಿಂದ ಮೊಣಕೈವರೆಗೆ ಗಾಯದ ಗೆರೆ ಉಳಿಯುತ್ತದೆ ಎಂದಿದ್ದರು ಡಾಕ್ಟರು.

ಮಾಡಿಸಲೋ ಬೇಡವೋ ಎಂದು ಅವಳು ಒದ್ದಾಡುತ್ತಿದ್ದರೆ, ಬಟ್ಟೆಯಲ್ಲಿ ಮುಚ್ಚಿಕೊಂಡರಾಯಿತು ಎನ್ನುತ್ತಿದ್ದರು ಅಮ್ಮ. ಗೆರೆ ಕಂಡರೆ ಗಂಡು ಒಪ್ಪುವುದಿಲ್ಲ ಎಂದು ಚಿಕ್ಕಮ್ಮನ ಕೊರಗು. ಅವಳ ತೋಳಿನ ಮೇಲೆ ಊರಿಗೆಲ್ಲ ಅಧಿಕಾರ. ಈಗ ಈ ಟೈಲರ್ ಬೇರೆ!

ಬಾಯಿಗೆ ಬಂದ ಹಾಗೆ ಬೈದು, ಟಾಪ್ ಕಿತ್ತುಕೊಂಡು ಹೊರಟಳು.

ಮರುವಾರ ಅವಳೇ ಡಾಕ್ಟರಿಗೆ ಫೋನ್ ಮಾಡಿ ದಿನ ಗೊತ್ತುಮಾಡಿದಳು. ಯಾರಿಗೂ ತೋರಿಸಲು ಅಲ್ಲ. ನೋವಿಲ್ಲದೆ ಕೈಯೆತ್ತಿ ಬರೆಯಲು.

ಆಪರೇಷನ್ ಆಯಿತು. ಪಟ್ಟಿ ಸುತ್ತಿದ ತೋಳುಗಳು ಊದಿಕೊಂಡವು. ಹೊಲಿಗೆ ತೋರಿಸಲು ಆಸ್ಪತ್ರೆಗೆ ಹೊರಟ ದಿನ ಒಂದು ಬಟ್ಟೆಯೂ ಏರಲಿಲ್ಲ. ಅಮ್ಮ ಬೀರುವಿನ ಮೂಲೆಯಿಂದ ಆ ಟಾಪ್ ತೆಗೆದರು. ತೋಳಿನ ಒಳಗೆ ದಾರದ ತುದಿಯೊಂದನ್ನು ಟೈಲರ್ ಗಂಟು ಹಾಕದೆ ಬಿಟ್ಟಿದ್ದ. ಎಳೆದರೆ ಹೊಲಿಗೆ ಸರ್ರನೆ ಬಿಚ್ಚಿಕೊಂಡು ತೋಳು ಅಗಲವಾಯಿತು. ಅದರಾಚೆ ಇನ್ನೊಂದು ಗಟ್ಟಿ ಹೊಲಿಗೆ ಮೊದಲೇ ಸಿದ್ಧವಾಗಿತ್ತು.

"ಇದು ಊತಕ್ಕೆ ಅಂತಲೇ ಹೊಲಿದಿರೋದು ಕಣೇ," ಅಂದರು ಅಮ್ಮ.

ಆಸ್ಪತ್ರೆಯಿಂದ ನೇರ ಅಂಗಡಿಗೆ ಹೋದಳು. ಈಗ ಸಿಟ್ಟು ಇಮ್ಮಡಿಯಾಗಿತ್ತು, ಅರ್ಧ ಅವನ ಮೇಲೆ, ಅರ್ಧ ತನ್ನ ಮೇಲೆ.

"ಅವತ್ತೇ ಯಾಕೆ ಹೇಳಲಿಲ್ಲ?"

"ಇದೇ ಆಪರೇಷನ್ ಆದಾಗ ನಮ್ಮಕ್ಕನ ತೋಳೂ ಊದಿತ್ತು. ಹಾಕ್ಕೊಳ್ಳೋಕೆ ಬಟ್ಟೆ ಇಲ್ಲದೆ ಅತ್ತಿದ್ದಳು. ನೀವೂ ಮಾಡಿಸ್ಕೋಬಹುದೇನೋ ಅಂತ ಅಳತೆ ಕೊಡೋವಾಗ ಅವಳ ಹತ್ರ ಹೇಳಿದ್ರಂತೆ. ಆದ್ರೆ ಅವತ್ತು ಅಂಗಡೀಲಿ ಜನ ಇದ್ರು. ನಿಮ್ಮ ವಿಷಯ ಅವರೆದುರು ಹೇಗೆ ಆಡ್ಲಿ?"

ಅಷ್ಟು ಬೈಸಿಕೊಂಡದ್ದು ಇದಕ್ಕಾ...

"ಮಾಡಿಸ್ಬೇಡಿ ಅಂತ ಅನ್ನದೇ ಇದ್ದೋರು ನೀವೊಬ್ರೇ."

"ತೋಳು ನಿಮ್ಮದು." ಅವನು ಕೊರಳಿನ ಟೇಪು ತೆಗೆದು ಸುಮ್ಮನೆ ಸುತ್ತತೊಡಗಿದ. "ಅವತ್ತಿಂದ ಬಾಗಿಲ ಕಡೆನೇ ನೋಡ್ತಾ ಕೂತಿದೀನಿ. ಬೈಯೋಕಾದ್ರೂ ಬರ್ತೀರೇನೋ ಅಂತ."

ಅವಳಿಗೆ ನಗು ಬಂದುಬಿಟ್ಟಿತು. ನಕ್ಕರೆ ಹೊಲಿಗೆ ಎಳೆಯುತ್ತಿತ್ತು.

"ಊತ ಇಳಿದ ಮೇಲೆ ಬನ್ನಿ, ಮತ್ತೆ ಸಣ್ಣ ಮಾಡಿಕೊಡ್ತೀನಿ."

"ಅದಕ್ಕೆ ಮೂರು ತಿಂಗಳು ಬೇಕಂತೆ," ಸ್ಟೂಲಿನ ಮೇಲೆ ಕೂರುತ್ತಾ ಸಿಡುಕಿದಳು. "ಅಲ್ಲೀವರೆಗೆ ಬರೋದೇ ಬೇಡ್ವಾ?"

"ನಾಳೆ ಬನ್ನಿ."

"ಟೈಲರ್ ನಾಳೆ ಬನ್ನಿ ಅಂದ್ರೆ ಯಾರು ನಂಬ್ತಾರೆ?"

"ಇದೊಂದು ಸಲ ನಂಬಿ," ಅಂದ ಅವನು.