ಅನುಮಾನದ ವಿಧವೆ

ಆ ಲೆನ್ಸು ರಾದಾಮೆಸ್‌ನ ಹೊಟ್ಟೆ ಉರಿಸುತ್ತಿತ್ತು. ಅದು ಅವನ ಮನೆಯೊಡತಿ ದೋನ್ಯಾ ತೋಮಾಸಾಳ ಬೀರುವಿನಲ್ಲಿ, ಸತ್ತ ಗಂಡನ ಕಾಲುಚೀಲದೊಳಗೆ ಬೆಚ್ಚಗೆ ಮಲಗಿತ್ತು. ಗಂಡ ದೋನ್ ಎಲಿಹಿಯೊ ಸಾಂತಿಯಾಗೊದ ಆ ಕೇರಿಯಲ್ಲಿ ಬದುಕಿಡೀ ಮದುವೆ ಫೋಟೋ ತೆಗೆದವನು. ಹೊಸ ಲೆನ್ಸುಗಳಲ್ಲಿ ಸಿಗದ ಮೆದುವಾದ ಬೆಳಕು ಆ ಹಳೇ ಗಾಜಿನಲ್ಲಿತ್ತು. ಸಿನಿಮಾ ಶಾಲೆಯ ಕೊನೆಯ ವರ್ಷದಲ್ಲಿದ್ದ ರಾದಾಮೆಸ್ ತನ್ನ ಚಿತ್ರಕ್ಕಾಗಿ ಒಂದು ವಾರದ ಮಟ್ಟಿಗೆ ಕೇಳಿ ನೋಡಿದ್ದ.

"ಅದು ನನ್ ಗಂಡನ ಕಣ್ಣು ಕಣೋ ಮಗಾ," ಎಂದಿದ್ದಳು ಆಕೆ, ಅವನ ತಟ್ಟೆಗೆ ಬೇಯಿಸಿ ಕಿವುಚಿದ ಬಾಳೆಕಾಯಿ ಬಡಿಸುತ್ತ. "ಕಣ್ಣನ್ನ ಯಾರಾದ್ರೂ ಎರವಲು ಕೊಡ್ತಾರಾ?"

ದೇವರು ವರ ಕೊಟ್ಟರೂ ಪೂಜಾರಿ ಕೊಡ. ಎಲಿಹಿಯೊ ಬದುಕಿದ್ದರೆ ಖಂಡಿತ ಕೊಡುತ್ತಿದ್ದ ಎಂದು, ಅವನ ಮುಖವನ್ನೇ ನೋಡಿರದ ರಾದಾಮೆಸ್ ತೀರ್ಮಾನಿಸಿದ.

ಕದಿಯುವುದು ಸುಲಭ. ಬೀರುವಿನ ಕೀಲಿ ಅಕ್ಕಿಡಬ್ಬದಲ್ಲಿರುವುದು ಮನೆಯ ಬೆಕ್ಕಿಗೂ ಗೊತ್ತಿತ್ತು. ಕಷ್ಟವಿದ್ದದ್ದು ಆಮೇಲೆ ಆಕೆ ಹಾಕುವ ಕೂಗಿನಲ್ಲಿ. ಆದ್ದರಿಂದ ಅವನು ಆ ಕೂಗನ್ನೇ ಮೊದಲು ಬರೆದುಬಿಟ್ಟ. ಗಂಡನ ವಸ್ತುವನ್ನು ಯಾರೋ ಕದಿಯುತ್ತಾರೆಂದು ಸದಾ ನಡುಗುವ ವಿಧವೆಯೊಬ್ಬಳು ಅವನ ಥ್ರಿಲ್ಲರಿನ ನಾಯಕಿ. ಆಕೆ ಬೀರುವನ್ನು ಮೂಸಿ ನೋಡುತ್ತಾಳೆ, ಗಿಳಿಯನ್ನೂ ಅನುಮಾನಿಸುತ್ತಾಳೆ, ಆಕೆಯ ಮಾತನ್ನು ಯಾರೂ ನಂಬುವುದಿಲ್ಲ. ಪಾತ್ರವನ್ನು ತೋಮಾಸಾಳಿಗೇ ಕೊಟ್ಟ. ಪೊಲೀಸಿನವನ ಪಾತ್ರ ಕೇರಿಯ ಸಾರ್ಜೆಂಟನಿಗೇ ಹೋಯಿತು, ಸಂಭಾವನೆ ಒಂದು ಬಿಯರು. ಉಳಿದ ನೆರೆಹೊರೆಯವರೆಲ್ಲ ನೆರೆಹೊರೆಯವರಾದರು.

ದಿನಾ ಸಂಜೆ ಅಂಗಳದಲ್ಲಿ ತಾಲೀಮು. "ನನ್ ಗಂಡನ ಕಣ್ಣು ಕದ್ಬಿಟ್ರಪ್ಪೋ!" ಎಂದು ಆಕೆ ಅರಚಿದ ಮೊದಲ ದಿನ ಮೂರು ಬೀದಿಯ ಜನ ಓಡಿಬಂದರು. ವಾರ ಕಳೆಯುವಷ್ಟರಲ್ಲಿ ಡೊಮಿನೊ ಆಡುವವರು ತಲೆಯೆತ್ತುವುದನ್ನೂ ಬಿಟ್ಟರು. ರಾದಾಮೆಸ್‌ಗೆ ಬೇಕಾಗಿದ್ದದ್ದೂ ಅದೇ.

ಚಿತ್ರೀಕರಣದ ದಿನ ಆಕೆ ಚರ್ಚಿಗೆ ಹೋಗಿದ್ದಾಗ ಲೆನ್ಸು ತೆಗೆದು ಕ್ಯಾಮೆರಾಕ್ಕೆ ಸಿಕ್ಕಿಸಿದ, ಮೇಲೆ ಕರಿಬಟ್ಟೆ ಸುತ್ತಿದ. ಕಳ್ಳತನವಾದ ಲೆನ್ಸಿನಿಂದಲೇ ಕಳ್ಳತನದ ಅಳು! ತನ್ನ ಬುದ್ಧಿಗೆ ತಾನೇ ಮುತ್ತು ಕೊಡಬೇಕೆನಿಸಿತು ಅವನಿಗೆ.

ಆಕೆ ಮರಳಿ ಬಂದ ಮೇಲೆ ಕ್ಯಾಮೆರಾ ಓಡಿತು; ಕೇರಿಯ ಜನರೆದುರು ಆಕೆ ಬೀರು ತೆರೆದಳು. ಖಾಲಿ ಕಾಲುಚೀಲವನ್ನು ತಿರುವಿ ಕೊಡವಿದಳು. ಆಮೇಲೆ ಬಂದ ಕೂಗು ತಾಲೀಮಿನದ್ದಾಗಿರಲಿಲ್ಲ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು.

"ನಿಜವಾಗ್ಲೂ ಹೋಯ್ತು ಕಣ್ರೋ! ದೇವರಾಣೆ!"

"ದೋನ್ಯಾ, ಪಾತ್ರದಿಂದ ಹೊರಗೆ ಬನ್ನಿ," ಎಂದ ರಾದಾಮೆಸ್ ಮೆತ್ತಗೆ.

ಆಕೆ ಸಾರ್ಜೆಂಟನ ತೋಳು ಹಿಡಿದು ಜಗ್ಗಿದಳು. ಅವನು ಟೋಪಿ ಸರಿಮಾಡಿಕೊಂಡು ನಿರ್ದೇಶಕನತ್ತ ತಿರುಗಿದ. "ಇವತ್ತು ನನ್ ಡೈಲಾಗ್ ಯಾವ್ದಪ್ಪಾ?"

ಅಂದು ರಾತ್ರಿ ಮುದುಕಿ ಊಟ ಮಾಡಲಿಲ್ಲ. ಮರುದಿನ ತನಗೇ ಮರೆವೋ ಏನೋ ಎಂದುಕೊಂಡು ಒಲೆಯ ಬೂದಿಯನ್ನೂ ಕೆದಕಿ ನೋಡಿದಳು. ರಾದಾಮೆಸ್‌ಗೆ ಒಂದು ಕ್ಷಣ ಅಯ್ಯೋ ಅನ್ನಿಸಿತು. ಆದರೆ ಶಾಟ್ ಬಹಳ ಚೆನ್ನಾಗಿ ಬಂದಿತ್ತು.

ಚಿತ್ರದುದ್ದಕ್ಕೂ ಬಲಗಡೆ ಮೇಲ್ಮೂಲೆಯಲ್ಲಿ ಬಿದಿಗೆ ಚಂದ್ರನಂಥ ಬೆಳಕಿನ ಗೆರೆಯೊಂದು ಕಾಣುತ್ತಿತ್ತು. ಅದೇನೆಂದು ಸಿನಿಮಾ ಶಾಲೆಯ ಮೇಷ್ಟ್ರು ಕೇಳಿದಾಗ ಅವನು ತಡವರಿಸಲಿಲ್ಲ. "ಅವಳ ಮನಸ್ಸಿನ ಬಿರುಕು, ಸರ್." ಮೇಷ್ಟ್ರು ಕಣ್ಣೊರೆಸಿಕೊಂಡು ಮೊದಲ ಬಹುಮಾನ ಕೊಟ್ಟರು. ಪುಕ್ಕಟೆ ನಟಿಸಿದವರಿಗೆ ತೋರಿಸದಿದ್ದರೆ ಕೇರಿ ಬಿಡುತ್ತದೆಯೇ? ಅಂಗಳದಲ್ಲಿ ಬಿಳಿ ಬಟ್ಟೆ ಕಟ್ಟಿ, ತೋಮಾಸಾಳನ್ನು ಮುಂದಿನ ಸಾಲಿನಲ್ಲಿ ಕೂರಿಸಿ, ಅವನೂ ಎದೆಯುಬ್ಬಿಸಿ ನಿಂತ.

ಆಕೆಯ ಮುಖ ಬಟ್ಟೆಯ ತುಂಬ ಮೂಡಿತು, ಮೇಲ್ಮೂಲೆಯಲ್ಲಿ ಆ ಗೆರೆ. ಚಪ್ಪಾಳೆ ಬೀಳಲಿಲ್ಲ. "ಅಯ್ಯೋ, ಇದು ನಮ್ ಮದ್ವೆ ಚಂದ್ರ ಅಲ್ವೇನ್ರೀ?" ಎಂದು ಡೊಮಿನೊದವನ ಹೆಂಡತಿ ಗಂಡನನ್ನು ತಿವಿದಳು. ಎಲಿಹಿಯೊ ಯಾವುದೋ ಮದುವೆಯಲ್ಲಿ ಕುಡಿದು ಲೆನ್ಸನ್ನು ಕೆಳಗೆ ಬೀಳಿಸಿದಂದಿನಿಂದ ಆ ಕೇರಿಯ ಪ್ರತಿ ಮದುವೆ ಫೋಟೋದಲ್ಲೂ, ದಂಪತಿಗಳ ನೆತ್ತಿಯ ಬಲಕ್ಕೆ, ಅದೇ ಬಿದಿಗೆ ಚಂದ್ರ. ಜನ ಅದನ್ನು ಕನ್ಯಾಮಾತೆಯ ಆಶೀರ್ವಾದವೆಂದು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದರು. ಸಾರ್ಜೆಂಟನ ಮನೆಯಲ್ಲೂ ಒಂದಿತ್ತು. ರಾದಾಮೆಸ್ ದಿನಾ ಬಾಳೆಕಾಯಿ ತಿನ್ನುತ್ತಿದ್ದ ಮೇಜಿನ ಮೇಲ್ಗಡೆ, ತೋಮಾಸಾಳ ಮಗಳ ಮದುವೆಯದ್ದೂ ಇತ್ತು. ಅವನು ಒಮ್ಮೆಯೂ ತಲೆಯೆತ್ತಿ ನೋಡಿರಲಿಲ್ಲ. ಸಾರ್ಜೆಂಟ್ ಬಿಯರು ಕೆಳಗಿಟ್ಟು ಎದ್ದ, ಈ ಸಲ ಡೈಲಾಗು ಕೇಳಲಿಲ್ಲ. ತೋಮಾಸಾ ನಿಧಾನವಾಗಿ ಹಿಂದಕ್ಕೆ ತಿರುಗಿದಳು. "ಬಾ ಮಗಾ," ಎಂದಳು, "ಪಾತ್ರದಿಂದ ಹೊರಗೆ ಬಾ."