ಚಿಗರಿಗುಡ್ಡದ ಮರಿ

ಹುಲ್ಲಿನಲ್ಲಿ ಜಿಂಕೆಯ ಮರಿ ಇರಲಿಲ್ಲ. ತಾಯಿ ಚಿಗರಿ ಮಾತ್ರ ಅದೇ ಜಾಗವನ್ನು ಮೂಸುತ್ತ ಸುತ್ತುತ್ತಿತ್ತು.

“ನಿನ್ನೆ ಸಂಜೀಕ ಇಲ್ಲೇ ಮಲಗಿತ್ತರಿ ಮೇಡಂ. ಹುಟ್ಟಿ ವಾರ ಸೈತ ಆಗಿಲ್ಲ,” ಎಂದ ಅರಣ್ಯ ಕಾವಲುಗಾರ ಬಸಯ್ಯ.

ರಾಮದುರ್ಗ ಠಾಣೆಯ ಎಸ್‌ಐ ರಾಜೇಶ್ವರಿ ಬಗ್ಗಿ ನೋಡಿದಳು. ಅವತ್ತು ಅವಳಿಗೆ ರಜೆ. ಮಳೆ ಮುಗಿದು ಸುರೇಬಾನದ ಆಚೆ, ಬೇಲಿ ಹಾಕಿ ಕಾಯುವ ಚಿಗರಿಗುಡ್ಡದ ಕಾಡು ಹೂ ಬಿಟ್ಟಿದೆ ಎಂದು ಕೇಳಿ, ಮಧ್ಯಾಹ್ನದ ಊಟ ಮುಗಿಸಿ ಸುಮ್ಮನೆ ಅಡ್ಡಾಡಲು ಬಂದಿದ್ದಳು. ಕೆರೆಯ ಕಾಲುದಾರಿಯಲ್ಲಿ ಒಂದು ಸುತ್ತು ಹಾಕಿದ್ದಳಷ್ಟೆ. ದಾರಿಯುದ್ದಕ್ಕೂ ತಂಗಡಿಯ ಹಳದಿ ಹೂ, ಪೊದೆಗಳಲ್ಲಿ ನವಿಲು. ಅಷ್ಟರಲ್ಲಿ ಬಸಯ್ಯ ಓಡಿ ಬಂದು ಕರೆದಿದ್ದ.

ನೆಲದ ಮೇಲೆ ರಕ್ತವಿಲ್ಲ. ನಾಯಿ, ತೋಳದ ಹೆಜ್ಜೆಯಿಲ್ಲ. ಜಾಲಿಯ ಮುಳ್ಳಿಗೆ ಗೋಣಿಚೀಲದ ನಾರು ಸಿಕ್ಕಿಕೊಂಡಿತ್ತು.

“ಇದು ಮನುಷ್ಯಾರ ಕೆಲಸ. ಗೇಟ್ ಹಾಕ್ರಿ. ಯಾರನ್ನೂ ಹೊರಗ ಬಿಡಬ್ಯಾಡ್ರಿ,” ಎಂದಳು.

*

ಗೇಟಿನ ಬಳಿ ಇಬ್ಬರಿದ್ದರು. ಬೇಲಿಯ ಆಚೆ ಕುರಿ ಮೇಯಿಸುವ ಮುದುಕ ಕಾಡಪ್ಪ. ಕಿತ್ತೂರಿನ ಹೆದ್ದಾರಿಯಲ್ಲಿ ಢಾಬಾ ನಡೆಸುವ ಸದಾಶಿವ, ತನ್ನ ಜೀಪಿನೊಂದಿಗೆ.

ಕಾಡಪ್ಪನ ಕಂಬಳಿಯ ಮೇಲೆ ರಕ್ತದ ಕಲೆ. ಬಸಯ್ಯ ಅವನ ರಟ್ಟೆ ಹಿಡಿದ.

“ಎಲ್ಲಿಟ್ಟೀಯೋ ಮರಿ?”

“ನನ್ನ ಕುರಿ ಈದೈತಿ ಯಪ್ಪಾ! ನೋಡಿಲ್ಲಿ!” ಮುದುಕ ಕಂಬಳಿ ಬಿಚ್ಚಿದ. ಮೈ ಇನ್ನೂ ಆರದ ಕುರಿಮರಿ ಕಣ್ಣು ಪಿಳುಕಿಸಿತು.

“ಕೈ ಬಿಡ್ರಿ ಬಸಯ್ಯ,” ಎಂದಳು ರಾಜೇಶ್ವರಿ.

ಸದಾಶಿವ ಮುಂದೆ ಬಂದ. “ಅದು ಖರೆ ಇರಬಹುದು ಮೇಡಂ. ಆದ್ರ ಈ ಮುದುಕ ಒಳಗ ಅಡ್ಡಾಡೂದು ನಾ ನೋಡೇನಿ.”

“ನೀವು ಯಾವಾಗ ಬಂದ್ರಿ?”

“ಈಗ, ಸಂಜೀ ಮುಂದ. ಕೆರಿತನಕ ಹೋಗಿ ಹೊಳ್ಳಿ ಬಂದೆ. ಮುಂಜಾನಿಯಿಂದ ಢಾಬಾದಾಗ ಇದ್ದೆ.”

“ಹೂವು ನೋಡಿದ್ರೇನು?”

“ನೋಡದ ಇರತೇನೇನ್ರಿ! ದಂಡಿ ತುಂಬ ವಿಷ್ಣುಕ್ರಾಂತಿ ಅರಳಿತ್ತು. ನೀಲಿ ಚಾದರ ಹಾಸಿದಂಗ!”

ರಾಜೇಶ್ವರಿ ಅವನನ್ನೇ ನೋಡಿದಳು. ಆಮೇಲೆ ಕೈ ಚಾಚಿದಳು.

“ಜೀಪಿನ ಕೀಲಿ ಕೊಡ್ರಿ.”

ಹಿಂದಿನ ಸೀಟಿನಡಿ ಗೋಣಿಚೀಲ ಮುಚ್ಚಿದ ಬುಟ್ಟಿ. ಅದರೊಳಗೆ ಕಾಲು ಕಟ್ಟಿದ ಚಿಗರಿಮರಿ. ಉಸಿರಾಡುತ್ತಿತ್ತು.

*

“ಹೆಂಗ ಗೊತ್ತಾತ್ರಿ ನಿಮಗ?” ಬಸಯ್ಯನಿಗೆ ನಂಬಲಾಗಲಿಲ್ಲ.

“ವಿಷ್ಣುಕ್ರಾಂತಿ ಮುಂಜಾನಿ ಅರಳಿ ಮಧ್ಯಾಹ್ನದಾಗ ಮುಚ್ಚತೈತಿ. ನಾ ಕೆರಿಗೆ ಹೋದಾಗ ಒಂದು ನೀಲಿ ಹೂವೂ ಕಾಣಲಿಲ್ಲ. ಇವರು ಅರಳಿದ್ದು ನೋಡ್ಯಾರ ಅಂದ್ರ ಮುಂಜಾನಿ ಬಂದಾರ. ಆ ಮಾತು ಯಾಕ ಮುಚ್ಚಿಟ್ರು?”

ಸದಾಶಿವ ತಲೆ ತಗ್ಗಿಸಿದ. “ಬೇಲಿ ದಾಟಿ ಬಂದಿದ್ದೆರಿ. ಮರಿ ಹಿಡದು ಕಲ್ಲಿನ ಸಂದ್ಯಾಗ ಇಟ್ಟೆ. ಸಂಜೀಕ ಒಯ್ಯಾಕ ಜೀಪ್ ತಂದೆ. ಢಾಬಾದ ಮುಂದ ಕಟ್ಟಿದ್ರ ಗಿರಾಕಿ ಬರತಾರ ಅಂತ…”

“ಅದರ ತಾಯಿ ಮುಂಜಾನಿಯಿಂದ ಅಲ್ಲೇ ಸುತ್ತಾಕ ಹತ್ತೇತಿ,” ಎಂದಳು ರಾಜೇಶ್ವರಿ. “ಠಾಣೆಗೆ ನಡೀರಿ. ಅದಕ್ಕೂ ಮೊದಲ ಮರಿ ಬಿಡೂಣು.”

ಮರಿಯ ಕಾಲಿನ ಕಟ್ಟು ಬಿಚ್ಚಿ, ಹುಲ್ಲಿನಲ್ಲಿ ಇಟ್ಟು ಎಲ್ಲರೂ ದೂರ ಸರಿದು ಕುಳಿತರು. ತಾಯಿ ಬರುವುದೋ ಇಲ್ಲವೋ ಎಂದು ಕಾದರು. ಬಿಸಿಲು ಇಳಿಯಿತು. ತಾಯಿ ಚಿಗರಿ ಕಿವಿ ನೆಟ್ಟಗೆ ಮಾಡಿ ನಿಂತಿತು, ಒಂದೊಂದೇ ಹೆಜ್ಜೆ ಇಟ್ಟು ಬಂತು, ಮರಿಯ ಬೆನ್ನು ನೆಕ್ಕಿತು.

ಬಸಯ್ಯ ಮುದುಕನ ಕಡೆ ತಿರುಗಿದ. “ತಪ್ಪಾತು ಕಾಕಾ. ಸುಮ್ಮನ ನಿಮ್ಮ ಮ್ಯಾಲ ಕೈ ಹಾಕಿದೆ.”

ಕಾಡಪ್ಪ ಹುಲ್ಲಿನಿಂದ ಕಣ್ಣು ಕೀಳಲಿಲ್ಲ.

“ಸಾವಕಾಶ ಮಾತಾಡೋ ತಮ್ಮಾ,” ಎಂದ. “ಮರಿ ಹಾಲು ಕುಡ್ಯಾಕ ಹತ್ತೇತಿ.”